ಕೀ ಬಂದಿಲ್ಲ

ನಮ್ಮವರಿಗೆ ಐವತ್ತೆರಡು ವರ್ಷ. ಬಿಪಿ ಮಾತ್ರೆ ನುಂಗೋದನ್ನು ನಾನು ನೆನಪಿಸಬೇಕು, ಕರೆಂಟ್ ಬಿಲ್ ಕಟ್ಟೋದನ್ನೂ ನಾನೇ ನೆನಪಿಸಬೇಕು. ಆದರೆ ಅವರ ಹೀರೋನ ಸಿನಿಮಾ ಯಾವ ಶುಕ್ರವಾರ ಬರುತ್ತೆ ಅನ್ನೋದು ಮಾತ್ರ ಮೂರು ತಿಂಗಳು ಮೊದಲೇ ಗೊತ್ತಿರುತ್ತದೆ. ಅವತ್ತು ಆಫೀಸಿಗೆ ರಜೆ. ಕಾರಣ, ಹೊಟ್ಟೆನೋವು. ಹೀರೋ ವರ್ಷಕ್ಕೆ ಎರಡು ಸಿನಿಮಾ ಮಾಡುತ್ತಿದ್ದಾಗ ಇವರಿಗೂ ವರ್ಷಕ್ಕೆ ಎರಡು ಸಲ ಹೊಟ್ಟೆನೋವು ಬರುತ್ತಿತ್ತು. ಈಗ ಆತ ಮೂರು ವರ್ಷಕ್ಕೊಂದು ಮಾಡುತ್ತಾನೆ. ಇವರ ಆರೋಗ್ಯವೂ ಸುಧಾರಿಸಿದೆ.

ಈ ಸಲ ಹೊಟ್ಟೆನೋವು ಬಂದ ವಾರವೇ ಹೊಳೆನರಸೀಪುರದಿಂದ ಅತ್ತೆಯೂ ಬಂದಿದ್ದರು. "ಅಮ್ಮನ್ನ ಒಬ್ಬಳೇ ಬಿಟ್ಟು ಹೋಗೋದು ಹೇಗೆ?" ಅಂತ ಇವರು ನನ್ನ ಕಿವಿಯಲ್ಲಿ ಕೇಳಿದ್ದು ನಡುಮನೆಯಲ್ಲಿದ್ದ ಅತ್ತೆಗೆ ಕೇಳಿಸಿತು. ಅವರಿಗೆ ಬೇಕಾದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. "ಗೋಡೆ ನೋಡ್ಕೊಂಡು ಕೂರೋ ಬದಲು ಪರದೆ ನೋಡ್ಕೊಂಡು ಕೂರ್ತೀನಿ, ನಡೀರಿ" ಅಂದರು. ಅವರು ಥಿಯೇಟರ್ ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷವಾಗಿತ್ತು.

ಹತ್ತೂವರೆ ಶೋ. ಅತ್ತೆ ಬೆಳಗ್ಗೆ ಆರಕ್ಕೇ ಎದ್ದು ಕೋಡುಬಳೆ ಕರಿದಿದ್ದರು. ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಂತ ಇವರು ಹೇಳಿದರು. ಬಿಡದೆ ಇರೋ ಹಕ್ಕು ಥಿಯೇಟರಿನವರಿಗಿದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕುಡಿಯೋ ನೀರು ಮಾತ್ರ ಬಿಟ್ಟಿಯಾಗಿ ಕೊಡಬೇಕಂತೆ ಅಂತಲೂ ವಿವರಿಸಿದರು.

"ಕೋರ್ಟಿನೋರು ನನ್ನ ಕೋಡುಬಳೆ ತಿಂದಿಲ್ಲ, ಅದಕ್ಕೆ ಹಂಗಂದವ್ರೆ" ಅಂದರು ಅತ್ತೆ.

ಹೊರಗೆ ಪಟಾಕಿ, ತಮಟೆ, ಕಟೌಟಿಗೆ ಹಾಲು. ಹಾಲು ಸುರಿಯುತ್ತಿದ್ದ ಹುಡುಗನಿಗೆ "ಲೀಟರ್ ಎಷ್ಟಪ್ಪ?" ಅಂತ ಅತ್ತೆ ಕೇಳಿಯೇಬಿಟ್ಟರು. ಗೇಟಿನಲ್ಲಿ ನನ್ನ ಬ್ಯಾಗು ಬಿಚ್ಚಿಸಿ, ಶುಗರ್ ಇದೆ ಅಂತ ಇಟ್ಟುಕೊಂಡಿದ್ದ ಬಿಸ್ಕತ್ ಪ್ಯಾಕೆಟ್ ತೆಗೆದಿಟ್ಟುಕೊಂಡರು. ಅತ್ತೆಯ ಕೈಯಲ್ಲಿ ಏನೂ ಇರಲಿಲ್ಲ. ಮುಖದಲ್ಲಿ ದೇವಸ್ಥಾನಕ್ಕೆ ಬಂದವರ ಕಳೆ. ಗೇಟಿನ ಹುಡುಗ "ನಿಧಾನ ಅಜ್ಜಿ" ಅಂತ ಕೈಹಿಡಿದು ಒಳಗೆ ಬಿಟ್ಟ. ನಾಲ್ಕು ಹೆಜ್ಜೆ ಹೋದ ಮೇಲೆ ಅವರ ಸೊಂಟದ ಹತ್ತಿರ ಪ್ಲಾಸ್ಟಿಕ್ ಕವರು ಚರಪರ ಅಂದಿತು. ನಾನು ಕೆಮ್ಮಿದೆ.

ಜಾಹೀರಾತುಗಳು ಮುಗಿದವು. ತಂಬಾಕು ಬಿಡಿ ಅಂತಲೂ ಹೇಳಿ ಆಯಿತು. ಆಮೇಲೆ ಪರದೆ ಖಾಲಿ. ಐದು ನಿಮಿಷ ಶಿಳ್ಳೆ, ಹತ್ತು ನಿಮಿಷ ಕೂಗಾಟ. ಹನ್ನೊಂದಕ್ಕೆ ಲೈಟ್ ಹಾಕಿದರು. ಒಬ್ಬ ಹುಡುಗ ಬಂದು ಬಾಗಿಲ ಹತ್ತಿರವೇ, ಓಡೋಕೆ ಅನುಕೂಲ ಆಗುವ ಹಾಗೆ ನಿಂತುಕೊಂಡು ಹೇಳಿದ: "ಫಿಲಂ ಬಂದಿದೆ ಸಾರ್. ಕೀ ಬಂದಿಲ್ಲ."

"ಬೀಗ ಹಾಕ್ಕೊಂಡೋನು ಎಲ್ಲಿಗೆ ಹೋದ?" ಅಂದರು ಅತ್ತೆ. "ಸಂತೆಪೇಟೇಲಿ ಡೂಪ್ಲಿಕೇಟ್ ಕೀ ಮಾಡೋರು ಯಾರೂ ಇಲ್ವಾ?"

ಇವರು ಬಗ್ಗಿ ಕೂತು ತಾಯಿಗೆ ಪಾಠ ಶುರು ಮಾಡಿದರು. ಈಗ ರೀಲು ಇಲ್ಲಮ್ಮ. ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟಿನಲ್ಲೋ ಮೊದಲೇ ಬಂದಿರುತ್ತೆ, ಆದರೆ ಬೀಗ ಹಾಕ್ಕೊಂಡೇ ಬರುತ್ತೆ. ಅದನ್ನು ತೆಗೆಯೋ ಕೀ ಅಂದರೆ ಒಂದು ಸಣ್ಣ ಫೈಲು. ಕೆಡಿಎಂ ಅಂತಾರೆ. ಈ ಥಿಯೇಟರಿನ ಈ ಮಿಷನ್ನಿಗೆ, ಇಷ್ಟು ಗಂಟೆಯಿಂದ ಇಂಥ ತಾರೀಖಿನ ತನಕ ಅಂತ ಬರೆದೇ ಕಳಿಸ್ತಾರೆ. ಮೊದಲೂ ತೆಗೆಯಲ್ಲ, ಆಮೇಲೂ ತೆಗೆಯಲ್ಲ. ದುಡ್ಡಿನ ಲೆಕ್ಕ ಎಲ್ಲೋ ಬಾಕಿ ಇದ್ದರೆ ಕೀ ತಡ ಆಗುತ್ತೆ.

"ಪಕ್ಕದ ಥಿಯೇಟರಿನೋರ ಹತ್ರ ಇಸ್ಕೊಳೋದು?"

"ಅವರ ಕೀ ಇಲ್ಲಿಗೆ ಆಗಲ್ಲಮ್ಮ."

ಅತ್ತೆ ಯೋಚನೆ ಮಾಡಿದರು. "ಹಾಸನಾಂಬೆ ಬಾಗ್ಲು ವರ್ಷಕ್ಕೊಂದೇ ಸಲ ತೆಗೆಯೋದು. ಆದ್ರೂ ಯಾವತ್ತು ತೆಗೀತಾರೆ ಅಂತ ಗೊತ್ತಿರ್ತದೆ" ಅಂದರು. ಹಿಂದಿನ ಸಾಲಿನ ಹುಡುಗರು ಇದಕ್ಕೂ ಶಿಳ್ಳೆ ಹೊಡೆದರು.

ಇವರಿಗೆ ಹಳೆಯದೆಲ್ಲ ನೆನಪಾಯಿತು. ಆಗ ಒಂದು ರೀಲು ಅಂದರೆ ಸಾವಿರ ಅಡಿ, ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಸಿನಿಮಾಕ್ಕೆ ಹದಿನಾಲ್ಕು ರೀಲು. ಒಂದೇ ಪ್ರಿಂಟು ಎರಡು ಥಿಯೇಟರಿನಲ್ಲಿ ಓಡುತ್ತಿತ್ತು. ಅಲ್ಲಿ ಓಡಿದ ರೀಲಿನ ಡಬ್ಬವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹುಡುಗ ಇಲ್ಲಿಗೆ ತರುತ್ತಿದ್ದ. ಸೈಕಲ್ ಪಂಕ್ಚರ್ ಆದರೆ ಹೀರೋ ಎತ್ತಿದ ಕೈ ಎತ್ತಿದ ಹಾಗೇ. "ಆವಾಗ ಗೇಟಿಗೆ ಹೋಗಿ ರಸ್ತೆ ನೋಡಬಹುದಿತ್ತು. ಈಗ ಯಾವ ರಸ್ತೆ ನೋಡೋದು?" ಅಂದರು. ನಿಜವಾಗಲೂ ಬೇಜಾರಾಗಿತ್ತು ಪಾಪ. ಸಮಾಧಾನಕ್ಕೆ ಹೋಗಿ ಪಾಪ್‌ಕಾರ್ನ್ ತಂದರು. ಅದೇ ತಪ್ಪಾಯಿತು.

"ಎಷ್ಟು ಕೊಟ್ಟೆ?"

"ಇನ್ನೂರೈವತ್ತು."

ಅತ್ತೆ ಡಬ್ಬದೊಳಗೆ ಕೈ ಹಾಕಿ ಒಂದು ಅರಳು ತೆಗೆದರು. ಲೈಟಿಗೆ ಹಿಡಿದರು. ತಿರುಗಿಸಿ ನೋಡಿದರು. ಮೂಗುತಿ ಕೊಳ್ಳುವಾಗ ಹರಳು ನೋಡುತ್ತಾರಲ್ಲ, ಹಾಗೆ. "ಮುಸುಕಿನ ಜೋಳ ಅಲ್ವೇನೋ ಇದು? ಕ್ವಿಂಟಾಲಿಗೆ 2400 ಬೆಂಬಲ ಬೆಲೆ ಅಂದವ್ರೆ. ಕೇಜಿಗೆ ಇಪ್ಪತ್ನಾಕು. ಅದೂ ಕೈಗೆ ಸಿಗಲ್ಲ. ಇಲ್ಲಿರೋದು ಹಿಡಿ ಜೋಳ." ಇದು ಬೇರೆ ತಳಿ ಅಂತ ಇವರು ಗೊಣಗಿದರು. ಟಿಕೆಟ್ ದುಡ್ಡಲ್ಲಿ ವಿತರಕರಿಗೆ ಪಾಲು ಕೊಡಬೇಕು, ಪಾಪ್‌ಕಾರ್ನ್ ದುಡ್ಡಲ್ಲಿ ಯಾರಿಗೂ ಪಾಲಿಲ್ಲ, ಥಿಯೇಟರ್ ನಡೆಯೋದೇ ಅದರಿಂದ ಅಂತಲೂ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ಅದು ತಿಂಡಿ ಅಂಗಡಿ. ಜೊತೆಗೆ ಒಂದು ಸಿನಿಮಾ ಹಾಕಿರುತ್ತಾರೆ, ಅಷ್ಟೇ.

ಅತ್ತೆ ಸೊಂಟದಿಂದ ಕವರು ಬಿಚ್ಚಿದರು. ನನಗೆ ಎರಡು, ಮಗನಿಗೆ ಎರಡು. ಆಮೇಲೆ ಮುಂದಿನ ಸಾಲಿನ ಹೆಂಗಸಿನ ಭುಜ ತಟ್ಟಿ "ತಗೊಳಮ್ಮ" ಅಂದರು. ಆಕೆ ಗೊರೂರಿನವರು. ಗೊರೂರು ಅಂದ ಮೇಲೆ ಕೇಳಬೇಕೇ? ಅತ್ತೆಯ ಚಿಕ್ಕಪ್ಪನ ಮಗಳನ್ನು ಕೊಟ್ಟಿದ್ದು ಅಲ್ಲಿಗೇ. ಆ ಮನೆಯ ಎರಡನೇ ಹುಡುಗನ ಮದುವೆ ಯಾಕೆ ನಿಂತಿತು ಅನ್ನೋದು ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಬಗೆಹರಿಯದ ಪ್ರಶ್ನೆ. ಆಕೆಗೆ ಪೂರ್ತಿ ಗೊತ್ತಿತ್ತು. ಹಿಂದಿನ ಸಾಲಿನ ಹುಡುಗರೂ ಶಿಳ್ಳೆ ನಿಲ್ಲಿಸಿ, ಕೋಡುಬಳೆ ಇಸಿದುಕೊಂಡು, ಮುಂದಕ್ಕೆ ಬಾಗಿ ಕೇಳುತ್ತಿದ್ದರು. "ಆಮೇಲೆ ಹುಡುಗಿ ಏನಂದ್ಲು ಅಜ್ಜಿ?" ಅಂತ ಒಬ್ಬ. "ತಡಿಯೋ, ಹೇಳ್ತಾವ್ರೆ" ಅಂತ ಇನ್ನೊಬ್ಬ.

ಹುಡುಗಿ ಏನಂದಳು ಅನ್ನೋ ಹೊತ್ತಿಗೆ ಸರಿಯಾಗಿ, ಹನ್ನೊಂದು ನಲವತ್ತಕ್ಕೆ, ಕೀ ಬಂತು.

ಲೈಟ್ ಆರಿತು. ಸೀಟು ಅದುರುವಷ್ಟು ಸದ್ದು. ಹೀರೋ ಒಂದೇ ಏಟಿಗೆ ಹನ್ನೆರಡು ಜನರನ್ನು ಎತ್ತಿ ಎಸೆದ. ನಮ್ಮವರು ಸೀಟಿನ ಮೇಲೆ ನಿಂತು ಶಿಳ್ಳೆ ಹಾಕಿದರು, ಹೊಟ್ಟೆನೋವಿದ್ದ ಮನುಷ್ಯ. ಅತ್ತೆ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಕೂತರು. ಎರಡು ಮುಕ್ಕಾಲು ಗಂಟೆ ಹಾಗೇ ಕೂತರು. ಇಂಟರ್‌ವಲ್‌ನಲ್ಲಿ ಗೊರೂರಿನ ಹೆಂಗಸು ಕಾಫಿಗೆ ಅಂತ ಎದ್ದು ಹೋದವರು ಗುಂಪಿನಲ್ಲಿ ಎಲ್ಲಿ ಕೂತರೋ, ಮತ್ತೆ ಸಿಗಲಿಲ್ಲ.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೇಳಿದರು. "ಪಿಕ್ಚರ್‌ಗೆ ಹೋಗಿದ್ರಂತಲ್ಲಾ, ಹೆಂಗಿತ್ತು?"

"ಕೀ ಬರೋ ತನಕ ಚೆನ್ನಾಗಿತ್ತು ಕಣಮ್ಮ" ಅಂದರು ಅತ್ತೆ.