ಆ ಮನೆಯಲ್ಲಿ ಬೆಳೆದ ಮಕ್ಕಳು ಎಷ್ಟು ಜನ?

ನನ್ನ ಜೊತೆ ಕೆಲಸ ಮಾಡುವ ಗೆಳತಿ ಮೊನ್ನೆ ಊಟದ ಹೊತ್ತಿಗೆ ಕೇಳಿದಳು. "ಅಡ್ವಾನ್ಸ್ ಕೊಟ್ಟಾಗಿದೆ ಕಣೇ, ಈಗ ಪೇಪರಲ್ಲಿ ಏನೋ ತೊಡಕು ಅಂತಿದ್ದಾರೆ. ಬಿಡೋದಾ, ಮುಂದುವರಿಯೋದಾ?" ಎರಡು ಮಾತಲ್ಲಿ ಹೇಳೋಕೆ ನನ್ನಿಂದ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಮೈಸೂರಿನ ಕುವೆಂಪುನಗರದಲ್ಲಿ ಒಂದು ಹಳೇ ಮನೆ ನೋಡಿದ್ದೆವು. 30-40 ಸೈಟು, ಹಿಂದೆ ಒಂದು ತೆಂಗಿನ ಮರ, ಮುಂದೆ ಕೆಂಪು ಸಿಮೆಂಟಿನ ಜಗಲಿ. 1988ರಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗುವುದಕ್ಕೆ ಮುಂಚೆ, ಊರಲ್ಲಿ ಸೈಟು ಹಂಚುತ್ತಿದ್ದ ಸಿಐಟಿಬಿ ಕಾಲದಲ್ಲಿ ಆ ಮನೆಯ ಯಜಮಾನರಿಗೆ ಸಿಕ್ಕ ಸೈಟು. ಅವರೇ ಕಟ್ಟಿಸಿದ್ದು. ಅವರೂ ಇಲ್ಲ, ಅವರ ಹೆಂಡತಿಯೂ ಇಲ್ಲ. ಮಾರುತ್ತಿದ್ದವರು ಇಬ್ಬರು ಗಂಡುಮಕ್ಕಳು. 1 ಕೋಟಿ 20 ಲಕ್ಷಕ್ಕೆ ಮಾತಾಯಿತು, ಅಗ್ರಿಮೆಂಟ್ ಆಯಿತು, 8 ಲಕ್ಷ ಅಡ್ವಾನ್ಸ್ ಕೊಟ್ಟೆವು. ಇಸಿಯಲ್ಲಿ, ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ, ಒಂದು ತಕರಾರೂ ಇರಲಿಲ್ಲ. ಖಾತೆ ಅಣ್ಣತಮ್ಮಂದಿರ ಹೆಸರಲ್ಲೇ ಇತ್ತು. ಬ್ಯಾಂಕಿನ ವಕೀಲರೂ ಸರಿ ಇದೆ ಅಂದರು. ನಮ್ಮತ್ತೆ ಗೃಹಪ್ರವೇಶಕ್ಕೆ ದಿನ ಕೇಳಿಸಿಯೂ ಆಗಿತ್ತು.

ಒಂದು ಭಾನುವಾರ ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಎದುರು ಮನೆ ಅಜ್ಜಿ ಕಾಫಿಗೆ ಕರೆದರು. ಮಾತಾಡುತ್ತಾ, "ಮೂರು ಮಕ್ಕಳನ್ನೂ ಎತ್ತಿ ಆಡಿಸಿದ್ದೀನಮ್ಮ, ಆ ಹುಡುಗಿ ಮದುವೆ ಚಪ್ಪರ ಇದೇ ರಸ್ತೇಲಿ ಹಾಕಿದ್ರು" ಅಂದರು. ನಮಗೆ ಕೊಟ್ಟಿದ್ದ ವಂಶವೃಕ್ಷದಲ್ಲಿ ಮಕ್ಕಳು ಇಬ್ಬರೇ. ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟು. ಅದರಲ್ಲಿ ಮಗಳೇ ಇಲ್ಲ.

ಮಾರುವವರನ್ನು ಕೇಳಿದರೆ ಅವರು ಗಾಬರಿಯೂ ಆಗಲಿಲ್ಲ. "ಅಯ್ಯೋ ಮೇಡಂ, ಅವಳ ಮದುವೆ 89ರಲ್ಲೇ ಆಯ್ತು. 94ಕ್ಕೆ ಮುಂಚೆ ಮದುವೆ ಆದೋರಿಗೆ ಪಾಲಿಲ್ಲ. ಅವಳು ಕೇಳೋದೂ ಇಲ್ಲ ಬಿಡಿ." ಮುಂದೆ ನಷ್ಟವಾದರೆ ನಾವೇ ತುಂಬಿಕೊಡುತ್ತೇವೆ ಅಂತ ಇಂಡೆಮ್ನಿಟಿ ಬಾಂಡ್ ಬರೆದುಕೊಡುತ್ತೇವೆ ಅಂದರು, ಪೇಪರಿನಲ್ಲಿ ಪ್ರಕಟಣೆ ಹಾಕಿಸೋಣ ಅಂದರು, ಕೊನೆಗೆ ಬೆಲೆಯಲ್ಲಿ 5 ಲಕ್ಷ ಬಿಡುತ್ತೇವೆ ಅಂತಲೂ ಅಂದರು.

ಈ 94ರ ಮಾತು ನೀವೂ ಕೇಳಿರುತ್ತೀರಿ. ನಮಗೆ ಪರಿಚಯದ ವಕೀಲರೊಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು. 1994ರ ಜುಲೈ 30ರಂದು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆದರೆ ಈ ಮನೆಗೆ ಅದ್ಯಾವುದೂ ಬೇಕಾಗೇ ಇಲ್ಲ. ಇದು ಅಪ್ಪ ತಾನೇ ಸಂಪಾದಿಸಿದ ಆಸ್ತಿ, ವಿಲ್ ಬರೆಯದೆ ತೀರಿಕೊಂಡರು. ಅಂಥ ಆಸ್ತಿಯಲ್ಲಿ ಹೆಂಡತಿಗೂ ಎಲ್ಲ ಮಕ್ಕಳಿಗೂ ಸಮಪಾಲು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ. ಅಮ್ಮನ ಪಾಲೂ ಮತ್ತೆ ಮೂವರಿಗೇ. ಅಂದರೆ ಮನೆಯ ಮೂರರಲ್ಲಿ ಒಂದು ಭಾಗ ಆ ಹೆಣ್ಣುಮಗಳದು. ಅಣ್ಣತಮ್ಮಂದಿರು ತಮ್ಮದನ್ನು ಮಾರಬಹುದು, ಅವಳದನ್ನು ಮಾರೋಕಾಗಲ್ಲ. ಅವಳು ಸುಮ್ಮನಿದ್ದರೂ ನಾಳೆ ಅವಳ ಮಕ್ಕಳು ವಿಭಾಗದ ದಾವೆ ಹಾಕಬಹುದು.

ಹಾಗಾದರೆ ಇಸಿ, ಖಾತೆ? ನೋಂದಣಿಯಾದ ವ್ಯವಹಾರ ಮಾತ್ರ ಇಸಿಯಲ್ಲಿ ಬರುತ್ತದೆ. ಅಪ್ಪ ತೀರಿಕೊಂಡಿದ್ದು, ಮಗಳಿಗೆ ಹಕ್ಕು ಬಂದಿದ್ದು ಎಲ್ಲಿ ನೋಂದಣಿಯಾಗುತ್ತದೆ? ಖಾತೆ ಕಂದಾಯ ಕಟ್ಟುವ ಲೆಕ್ಕಕ್ಕೆ, ಅದೇ ಮಾಲೀಕತ್ವ ಅಲ್ಲ. ಬ್ಯಾಂಕಿನ ವಕೀಲರು ಓದಿದ್ದು ಕೈಗೆ ಕೊಟ್ಟ ಕಾಗದವನ್ನು, ಕಾಗದವೇ ಸುಳ್ಳು ಹೇಳಿದರೆ ಅವರೇನು ಮಾಡುತ್ತಾರೆ. ಪೇಪರಿನ ಪ್ರಕಟಣೆಯನ್ನು ಅವಳು ನೋಡಲಿಲ್ಲ ಅಂತ ಅವಳ ಹಕ್ಕು ಹೋಗುವುದಿಲ್ಲ. ಇಂಡೆಮ್ನಿಟಿ ಬಾಂಡ್ ಅಂದರೆ ಮುಂದೆ ನಷ್ಟವಾದಾಗ ಇವರಿಂದ ವಸೂಲಿ ಮಾಡಲು ನಾವೇ ಕೋರ್ಟು ಅಲೆಯಬೇಕು, ಅಷ್ಟೇ.

ಇಷ್ಟೆಲ್ಲ ಗೊತ್ತಾದ ಮೇಲೂ ನಾವು ಮೂರು ವಾರ ಒದ್ದಾಡಿದೆವು. ಯಾಕೆ ಅಂದರೆ ಆ 8 ಲಕ್ಷ. ಕೊಳ್ಳುವವರು ಹಿಂದೆ ಸರಿದರೆ ಅಡ್ವಾನ್ಸ್ ಮುಟ್ಟುಗೋಲು ಅಂತ ಅಗ್ರಿಮೆಂಟಿನಲ್ಲಿತ್ತು. ರಾತ್ರಿ ಹನ್ನೆರಡಕ್ಕೆ ಎದ್ದು ಕೂತು ಇವರೂ ನಾನೂ ಅದೇ ಲೆಕ್ಕ ಹಾಕುತ್ತಿದ್ದೆವು. ಒಂದು ರಾತ್ರಿ ಇವರು ಕಾಗದದ ಮೇಲೆ ಬೇರೆ ಲೆಕ್ಕ ಬರೆದರು. ರಿಜಿಸ್ಟ್ರೇಷನ್ನಿಗೆ ಹೋದರೆ ಮುದ್ರಾಂಕ, ಸೆಸ್ಸು, 2025ರ ಆಗಸ್ಟ್ 31ರಿಂದ ಶೇ 2 ಆಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ 9 ಲಕ್ಷ. ಅದರ ಮೇಲೆ 20 ವರ್ಷದ ಸಾಲ. ಹೋದ 8 ಲಕ್ಷ ಉಳಿಸೋಕೆ ಅಂತ ಇಷ್ಟನ್ನೂ ಆ ಮನೆಗೆ ಸುರಿಯಬೇಕಾ? ನಿನ್ನೆ ಕೊಟ್ಟದ್ದನ್ನು ಮರೆತು, ಇವತ್ತು ಹೊಸದಾಗಿ ಈ ಮನೆ ತೋರಿಸಿದರೆ ಅಡ್ವಾನ್ಸ್ ಕೊಡ್ತೀವಾ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಇಬ್ಬರೂ ಇಲ್ಲ ಅಂದೆವು.

ಆದರೂ ಒಂದು ಆಸೆ ಇತ್ತು, ಆ ಹೆಣ್ಣುಮಗಳೇ ಬಂದು ಸಹಿ ಹಾಕಿಬಿಟ್ಟರೆ? ಅಜ್ಜಿ ಹತ್ತಿರ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಅವರು ಬೈಯಲಿಲ್ಲ, ಎಷ್ಟು ಕೊಡ್ತೀರಿ ಅಂತಲೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಮನೆ ಮಾರ್ತಿರೋದು ನಿಮ್ಮಿಂದ ಗೊತ್ತಾಗ್ತಿದೆಯಲ್ಲಮ್ಮ" ಅಂದರು. ತೆಂಗಿನ ಮರ ಇದೆಯಾ ಅಂತ ಕೇಳಿದರು.

ಆ ರಾತ್ರಿ ನನಗೆ ನಮ್ಮಮ್ಮ ನೆನಪಾದಳು. ಹಾಸನದ ಕಡೆ ತವರುಮನೆ ತೋಟದ ಕಾಗದಕ್ಕೆ ಅವಳು ಓದದೇ ಸಹಿ ಹಾಕಿದ್ದಾಳೆ. ಅರಿಶಿನ ಕುಂಕುಮಕ್ಕೆ ಅಂತ ಕರೆದು, ಒಂದು ಸೀರೆ ಕೊಟ್ಟು, ಹಾಳೆ ಮುಂದಿಟ್ಟರು. ಅಣ್ಣಂದಿರ ಹತ್ತಿರ ಏನು ಕೇಳೋದು ಅಂತ ಹಾಕಿದಳು. ಇಂಥ ಸಹಿ ನಮ್ಮ ಎಷ್ಟು ಮನೆಗಳ ಕಾಗದದಲ್ಲಿದೆ ಅಲ್ವಾ. ಇಲ್ಲಿ ಅದೂ ಇಲ್ಲ, ಮಗಳ ಹೆಸರನ್ನೇ ಅಳಿಸಿದ್ದರು. ನಮ್ಮ ಗೃಹಪ್ರವೇಶ ಆ ಸುಳ್ಳಿನ ಮೇಲೆ ನಡೆಯಬೇಕಾಗಿತ್ತು. ಕಾನೂನು ಒತ್ತಟ್ಟಿಗಿರಲಿ, ಅಲ್ಲಿ ಹಾಲು ಉಕ್ಕಿಸೋಕೆ ನನಗೆ ಮನಸ್ಸೇ ಬರುತ್ತಿರಲಿಲ್ಲ.

ತಂಗಿಯನ್ನು ಕರೆಸಿ, ಅವರ ಪಾಲು ಕೊಟ್ಟು, ಮೂವರೂ ಸೇರಿ ಕ್ರಯಪತ್ರ ಮಾಡಿಕೊಡಿ, ಪೂರ್ತಿ ಬೆಲೆ ಕೊಡುತ್ತೇವೆ ಅಂತ ಬರೆದು ಕಳಿಸಿದೆವು. ಒಂದು ತಿಂಗಳ ಗಡುವು ಕೊಟ್ಟೆವು. ಅವರು ಒಪ್ಪಲಿಲ್ಲ, ನಾವು ಬಿಟ್ಟೆವು.

ಮುಟ್ಟುಗೋಲಿನ ಭಯ ಇರುವವರಿಗೆ ಒಂದು ಮಾತು. ಸುಮ್ನೆ ಮನಸ್ಸು ಬದಲಾಯಿಸಿ ಹಿಂದೆ ಸರಿಯೋದು ಬೇರೆ, ಮಾರುವವರ ಹಕ್ಕಿನಲ್ಲೇ ದೋಷ ಇದ್ದು ಸರಿಯೋದು ಬೇರೆ. ಹಕ್ಕಿನ ದೋಷ ಗೊತ್ತಿದ್ದರೆ ಮಾರುವವರು ಅದನ್ನು ಹೇಳಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿದೆ. ನ್ಯಾಯವಾದ ಕಾರಣಕ್ಕೆ ಬೇಡ ಅಂದವರಿಗೆ ಕೊಟ್ಟ ದುಡ್ಡು ವಾಪಸ್ ಕೇಳುವ ಹಕ್ಕೂ ಅದರಲ್ಲೇ ಇದೆ. ಆದರೆ ಎಲ್ಲವನ್ನೂ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ ಜಗಳ ಆಡಿ "ನಮಗೆ ಬೇಡ" ಅಂದುಬಿಟ್ಟರೆ ತಪ್ಪು ನಮ್ಮ ಮೇಲೆ ಬರುತ್ತದೆ.

ಗೆಳತಿಗೆ ಹೇಳಬೇಕಾಗಿದ್ದು ಇಷ್ಟು: ನಾಳೆ ಆ ಬೀದಿಗೆ ಹೋಗು. ಎದುರು ಮನೆಯವರನ್ನು, ಹಳೇ ಅಂಗಡಿಯವರನ್ನು ಮಾತಾಡಿಸು, ಆ ಮನೆಯಲ್ಲಿ ಬೆಳೆದ ಮಕ್ಕಳು ಎಷ್ಟು ಜನ ಅಂತ ಕೇಳು. ಆಮೇಲೆ ವಂಶವೃಕ್ಷ ತೆಗೆದು ಎಣಿಸು.

ನಮಗೆ 5 ಲಕ್ಷ ವಾಪಸ್ ಬಂದಿದೆ, ಎರಡು ಚೆಕ್ಕಿನಲ್ಲಿ. ಬಾಕಿ 3 ಲಕ್ಷಕ್ಕೆ ವಕೀಲರು ನೋಟಿಸ್ ಕಳಿಸಿದ್ದಾರೆ. ಬಂದ ದಿನ ಇಲ್ಲೇ ಬರೆಯುತ್ತೇನೆ.