ನೀಲ್ ಯಂಗ್ ಕೇಳೋಕೆ ಶುರು ಮಾಡುವವರ ಕೈಗೆ ರ‍್ಯಾಂಕ್ ಪಟ್ಟಿ ಕೊಡಬೇಡಿ

ಇವತ್ತು ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಮ್ಮ ಬೀದಿಯ ಹುಡುಗ ಸಿಕ್ಕಿದ್ದ. ಇಂಜಿನಿಯರಿಂಗ್ ಓದ್ತಾ ಗಿಟಾರ್ ಕಲೀತಿದ್ದಾನೆ. "ಅಂಕಲ್, ನೀವು ಹೇಳ್ತಿದ್ರಲ್ಲ ಆ ಕೆನಡಾದ ರಾಕ್ ಗಾಯಕ ನೀಲ್ ಯಂಗ್, ಕೇಳಿದೆ. ಕುಡಿದು ಹಾಡಿದ ಹಾಗಿದೆ. ಬಿಟ್ಟುಬಿಟ್ಟೆ" ಅಂದ. ಯಾವ ಆಲ್ಬಂ ಅಂದ್ರೆ 'ಟುನೈಟ್ಸ್ ದ ನೈಟ್'. ಯಾರೋ ಗ್ರೂಪಿಗೆ ವಿಮರ್ಶಕರ ಅಂಕಗಳನ್ನೆಲ್ಲ ಕೂಡಿಸಿದ ಪಟ್ಟಿ ಹಾಕಿದ್ದರಂತೆ, ಇವನು ಮೇಲಿನದ್ದರಿಂದ ಶುರು ಮಾಡಿದ್ದಾನೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿ ಕೊಟ್ಟವರ ಮೇಲೆ ಇದೆ.

ಕ್ಯಾಸೆಟ್ ಅಂಗಡಿ ನಡೆಸಿದವನು ನಾನು, ನಿಮಗೆಲ್ಲ ಗೊತ್ತು. ಹೊಸಬರು ಬಂದರೆ ಯಾವ ಕ್ಯಾಸೆಟ್ಟಿಗೆ ಹೆಚ್ಚು ಹೊಗಳಿಕೆ ಬಂದಿದೆ ಅಂತ ನೋಡ್ತಿರಲಿಲ್ಲ. ಡೆಕ್ಕಿಗೆ ಹಾಕಿ ಒಂದೆರಡು ಹಾಡು ಕೇಳಿಸ್ತಿದ್ದೆ, ಅವರ ಮುಖ ನೋಡ್ತಿದ್ದೆ.

'ಟುನೈಟ್ಸ್ ದ ನೈಟ್' ದೊಡ್ಡ ಆಲ್ಬಮ್ಮೇ. ಕುಡಿದೇ ಹಾಡಿದ್ದು, ಅದೂ ನಿಜ. ಆದರೆ ಯಾಕೆ? ನೀಲ್ ಯಂಗ್ ಅವರ ಬ್ಯಾಂಡ್ ಕ್ರೇಜಿ ಹಾರ್ಸ್‌ನ ಗಿಟಾರಿಸ್ಟ್ ಡ್ಯಾನಿ ವಿಟನ್ 1972ರ ನವೆಂಬರ್‌ನಲ್ಲಿ ಮಾದಕ ವಸ್ತು ಹೆಚ್ಚಾಗಿ ಸತ್ತ. ಮುಂದಿನ ವರ್ಷ ಜೊತೆಯಲ್ಲಿ ಕೆಲಸ ಮಾಡ್ತಿದ್ದ ಬ್ರೂಸ್ ಬೆರಿಯೂ ಹಾಗೇ ಹೋದ. ಆ ದುಃಖದಲ್ಲಿ 1973ರಲ್ಲಿ ರೆಕಾರ್ಡ್ ಮಾಡಿದ್ದು, ಹೊರಬಂದದ್ದು 1975ರಲ್ಲಿ. 'ಮೆಲೋ ಮೈ ಮೈಂಡ್' ಹಾಡಿನಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆದುಹೋಗುತ್ತೆ. ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ ಅದೇ ಆಲ್ಬಮ್ಮಿನಲ್ಲಿ ಸತ್ತ ಗೆಳೆಯ ವಿಟನ್‌ನದೇ ದನಿ ಬರುತ್ತೆ, 1970ರ ಕಛೇರಿಯೊಂದರ ಹಾಡು! ನನಗೆ ಈಗಲೂ ಆ ಜಾಗದಲ್ಲಿ ಗಂಟಲು ಕಟ್ಟುತ್ತೆ. ವಿಟನ್ ಯಾರು ಅಂತಲೇ ಗೊತ್ತಿಲ್ಲದ ಹುಡುಗನಿಗೆ ಅದು ಯಾರದೋ ಹಾಡು, ಅಷ್ಟೇ.

ಅದೇ ಅವನು ಮೊದಲು 1969ರ 'ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್' ಕೇಳಿದ್ದರೆ? ಅಲ್ಲಿ 'ಡೌನ್ ಬೈ ದ ರಿವರ್'ನಲ್ಲಿ ನೀಲ್ ಯಂಗ್, ವಿಟನ್ ಇಬ್ಬರ ಗಿಟಾರ್ ಒಂದಕ್ಕೊಂದು ಮಾತಾಡೋದು ಕೇಳಿ, ಆಮೇಲೆ 1972ರ 'ಹಾರ್ವೆಸ್ಟ್'ಗೆ ಬಂದಿದ್ದರೆ? 'ಹಾರ್ವೆಸ್ಟ್' ಅಂದ್ರೆ ಎಲ್ಲರೂ 'ಹಾರ್ಟ್ ಆಫ್ ಗೋಲ್ಡ್' ಅಂತಾರೆ, ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದ ಹಾಡು. ಆದರೆ ಅದರಲ್ಲೇ 'ದ ನೀಡಲ್ ಅಂಡ್ ದ ಡ್ಯಾಮೇಜ್ ಡನ್' ಇದೆ. ಬರೀ ಗಿಟಾರ್, ಒಂದು ದನಿ. ವಿಟನ್ ಇನ್ನೂ ಬದುಕಿದ್ದಾಗಲೇ ಅವನ ಚಟ ನೋಡಿ ಹೆದರಿ ಬರೆದದ್ದು. ಆಲ್ಬಂ ಬಂದ ಕೆಲವೇ ತಿಂಗಳಿಗೆ ಆ ಹೆದರಿಕೆ ನಿಜವಾಯ್ತು. ಇದನ್ನು ಕೇಳಿಕೊಂಡು ಬಂದವನಿಗೆ ಆ ಒಡೆದ ದನಿ ಕುಡುಕನ ದನಿ ಅನಿಸೋದೇ ಇಲ್ಲ. ಸಂಗೀತ ಕೇಳಿಯೇ ಗೊತ್ತಿಲ್ಲದವರನ್ನು ಕೂರಿಸಿಕೊಂಡು ಮೊದಲ ದಿನವೇ ಒಂದು ಗಂಟೆ ಹಿಂದೂಸ್ತಾನಿಯ ನಿಧಾನ ಗತಿಯ ವಿಲಂಬಿತ್ ಖಯಾಲ್ ಹಾಡಿಸ್ತೀವಾ ನಾವು?

ವಿಮರ್ಶಕರು ನಮಗಿಂತ ಜಾಸ್ತಿ ಕೇಳಿರ್ತಾರೆ, ನಲವತ್ತಕ್ಕೂ ಹೆಚ್ಚು ಆಲ್ಬಂ ಇರುವಾಗ ಹೊಸಬರಿಗೆ ಏನಾದರೂ ದಾರಿ ಬೇಡವಾ ಅಂತ ಕೇಳ್ತೀರಿ. ಬೇಕು. ಆದರೆ ಎಲ್ಲ ಕೇಳಿ ಮುಗಿಸಿದವರು ತೂಗಿದ ಲೆಕ್ಕ ಇನ್ನೂ ಏನೂ ಕೇಳದವನಿಗೆ ದಾರಿ ಹೇಗಾಗುತ್ತೆ? ಆ ಲೆಕ್ಕವೂ ಸ್ಥಿರ ಅಲ್ಲ. 1970ರಲ್ಲಿ 'ಆಫ್ಟರ್ ದ ಗೋಲ್ಡ್ ರಷ್' ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆ ಸಪ್ಪೆ ಅಂತ ಬರೆಯಿತು. 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ 500 ಆಲ್ಬಮ್ಮುಗಳಲ್ಲಿ ಅದಕ್ಕೆ 71ನೇ ಸ್ಥಾನ ಕೊಟ್ಟಿತು. ಆಲ್ಬಂ ಅದೇ, ಒಂದು ಸ್ವರವೂ ಬದಲಾಗಿರಲಿಲ್ಲ.

ಪುರುಸೊತ್ತಿಲ್ಲ, ಒಂದೇ ಆಲ್ಬಂ ಹೇಳಿ ಅನ್ನೋರಿಗೆ 1979ರ 'ರಸ್ಟ್ ನೆವರ್ ಸ್ಲೀಪ್ಸ್' ಕೊಡಿ. ಒಂದು ಬದಿ ಮೆತ್ತಗಿನ ಗಿಟಾರ್, ಇನ್ನೊಂದು ಬದಿ ಕ್ರೇಜಿ ಹಾರ್ಸ್ ಜೊತೆ ಗೋಡೆ ನಡುಗಿಸುವ ಸದ್ದು. ಯಾವ ಬದಿ ಹಿಡಿಸಿತು ಅಂತ ಕೇಳಿ, ಮುಂದಿನದನ್ನು ಅದರ ಮೇಲೆ ಹೇಳಿ. 'ಆನ್ ದ ಬೀಚ್' ಸ್ವಲ್ಪ ತಡೆದು ಕೊಡಿ.

ಮತ್ತೆ 'ಟ್ರಾನ್ಸ್'. ಇಂಥ ಪಟ್ಟಿಗಳಲ್ಲಿ ಅದು ಎಲ್ಲೋ ತಳದಲ್ಲಿರುತ್ತೆ. ಯಂತ್ರದ ದನಿಯಲ್ಲಿ ಹಾಡಿದ್ದಕ್ಕೆ ಜನ ಕಕ್ಕಾಬಿಕ್ಕಿಯಾದರು. ಆಮೇಲೆ ಇನ್ನೊಂದು ಆಲ್ಬಂ ಕೂಡ ಬೇರೆಯೇ ದಾರಿ ಹಿಡಿದಾಗ, ನಿಮ್ಮ ಸಂಗೀತ ನಿಮ್ಮದರ ಹಾಗಿಲ್ಲ ಅಂತ ಅವರ ರೆಕಾರ್ಡ್ ಕಂಪನಿ ಗೆಫನ್ 1983ರಲ್ಲಿ ನೀಲ್ ಯಂಗ್ ಮೇಲೆ ಕೇಸು ಹಾಕಿತು. ಸೆರೆಬ್ರಲ್ ಪಾಲ್ಸಿ ಇದ್ದ, ಮಾತಾಡಲಾಗದ ಮಗನ ಜೊತೆ ಮಾತಾಡೋ ಒದ್ದಾಟ ಆ ದನಿಯಲ್ಲಿತ್ತು ಅಂತ ನೀಲ್ ಯಂಗ್ ಆಮೇಲೆ ಹೇಳಿಕೊಂಡರು. ಅದನ್ನು ಹೊಸಬರಿಗೆ ಕೊನೆಯಲ್ಲೇ ಕೊಡಿ, ಆದರೆ ಈ ವಿಷಯ ಹೇಳಿಯೇ ಕೊಡಿ.