ಕೋವಿ ತೂಗಲು ಒಂದು ಮೊಳೆ

ಕೊಡಗಿನಲ್ಲಿ ಮನೆ ರಿಪೇರಿಗೂ ಒಂದು ಋತುವಿದೆ. ಕಾಫಿ ಕೊಯ್ದು, ಒಣಗಿಸಿ, ಮಾರಿ, ಸಾಲ ಕೊಟ್ಟವರೆಲ್ಲ ತಮ್ಮ ಪಾಲು ಒಯ್ದ ಮೇಲೆ ಮಿಕ್ಕ ಹಣ ಮಾರ್ಚಿನ ಹೊತ್ತಿಗೆ ಕೈಯಲ್ಲಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಗಾರೆ ಒಣಗುವ ಮಾತೇ ಇಲ್ಲ. ಆದ್ದರಿಂದ ಈ ನಡುವಿನ ತಿಂಗಳುಗಳಲ್ಲಿ ಜಿಲ್ಲೆಯ ಗಾರೆಯವರೂ ವೈರಿಂಗಿನವರೂ ಏಕಕಾಲಕ್ಕೆ ಎಲ್ಲರ ಮನೆಯಲ್ಲೂ ಕೆಲಸ ಹಿಡಿದಿರುತ್ತಾರೆ. ಅಂದರೆ ಯಾರ ಮನೆಯಲ್ಲೂ ಇರುವುದಿಲ್ಲ.

ನಮ್ಮದು ಹೆಂಚಿನ ಹಳೆಯ ಮನೆ, ಮಣ್ಣಿನ ದಪ್ಪ ಗೋಡೆ. ಅದರ ಮೇಲೆ ಮರದ ಪಟ್ಟಿ ಬಡಿದು, ಪಟ್ಟಿಗೆ ತಗಡಿನ ಕ್ಲಿಪ್ ಹೊಡೆದು ವೈರ್ ಎಳೆದಿದ್ದರು. ಚೆಂದವೇನೂ ಇರಲಿಲ್ಲ, ಪಟ್ಟಿಯ ಮೇಲೆ ಜೇಡ ಮನೆ ಮಾಡಿತ್ತು, ಹಿಂದೆ ಹಲ್ಲಿ. ಆದರೆ ಕರೆಂಟು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಮನೆಗೆ ಬಂದ ನೆಂಟರ ಮಕ್ಕಳಿಗೂ ಕಾಣುತ್ತಿತ್ತು. ಪಕ್ಕದ ತೋಟದವರು ಹೋಂಸ್ಟೇ ಮಾಡಿ ಗೋಡೆಗಳನ್ನೆಲ್ಲ ನುಣ್ಣಗೆ ಮಾಡಿಸಿದ್ದನ್ನು ನೋಡಿಬಂದ ನಮ್ಮ ಮಾವನವರು ಆ ರಾತ್ರಿ ಊಟಕ್ಕೆ ಕುಳಿತಾಗ ಘೋಷಿಸಿದರು: ‘ನಮಗೂ ಕನ್ಸೀಲ್ಡ್.’ ಅಂದರೆ ವೈರೆಲ್ಲ ಗೋಡೆಯೊಳಗೆ.

ನಮಗೆ ಸಿಕ್ಕ ವೈರಿಂಗಿನವನು ಕೆಟ್ಟ ಕೆಲಸಗಾರನಲ್ಲ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ವೈರನ್ನೇ ಹಾಕಿದ. ಅರ್ಥಿಂಗ್ ತಪ್ಪಿಸಲಿಲ್ಲ. ಮೀಟರಿನ ಪಕ್ಕ, ಕರೆಂಟು ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಕೂರಿಸಲೇಬೇಕೆಂದು ಹಟ ಹಿಡಿದವನೂ ಅವನೇ. ಅದರ ಬೆಲೆ ಕೇಳಿ ಮಾವ ಮೂರು ದಿನ ಅವನೊಂದಿಗೆ ಮಾತು ಬಿಟ್ಟಿದ್ದರು. ಇಷ್ಟೆಲ್ಲ ಗುಣವಿದ್ದವನಿಗೆ ಇದ್ದದ್ದು ಒಂದೇ ಚಟ. ರಸ್ತೆ ಸುತ್ತುತ್ತದೆಂದು ತೋಟದೊಳಗಿನ ಕಾಲುದಾರಿ ಹಿಡಿಯುವ ನಮ್ಮೂರಿನವರ ಹಾಗೆ, ವೈರು ಎಳೆಯುವ ಅವನ ಪೈಪು ಗೋಡೆಯೊಳಗೆ ಹತ್ತಿರದ ದಾರಿ ಹುಡುಕುತ್ತಿತ್ತು. ನಡುಮನೆಯ ಗೋಡೆಯಲ್ಲಿ ಮೇಲೆ ಎಡಮೂಲೆಗೆ ಜಂಕ್ಷನ್ ಬಾಕ್ಸು, ಕೆಳಗೆ ಬಲಕ್ಕೆ ಟೀವಿಯ ಪ್ಲಗ್ಗು. ನಡುವೆ ಪೈಪು ಓರೆಯಾಗಿ ಇಳಿಯಿತು. ಮೇಲೆ ಗಾರೆ, ಪುಟ್ಟಿ, ಬಣ್ಣ ಬಿದ್ದವು. ಎಲ್ಲರೂ ಗೋಡೆ ಸವರಿ ಸಂತೋಷಪಟ್ಟರು.

ಗೋಡೆಯೊಳಗಿನ ವೈರಿಗೆ ಮರ್ಯಾದಸ್ಥರ ದಾರಿ ಎಂದು ಇರುವುದು ಕೆಲವೇ. ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗಬೇಕು, ಇಲ್ಲವೇ ಬೋರ್ಡಿನ ಎತ್ತರದಲ್ಲೇ ಅಡ್ಡಕ್ಕೆ ಹೋಗಬೇಕು. ಬ್ರಿಟನ್ನಿನ ನಿಯಮದಲ್ಲಿ ಸೂರಿನ ಕೆಳಗಿನ 150 ಮಿಲಿಮೀಟರ್ ಪಟ್ಟಿಯನ್ನೂ ಗೋಡೆಗಳು ಕೂಡುವ ಮೂಲೆಯ 150 ಮಿಲಿಮೀಟರ್ ಪಟ್ಟಿಯನ್ನೂ ಇದಕ್ಕೆ ಸೇರಿಸಿದ್ದಾರೆ. ಇದರ ಹಿಂದೆ ದೊಡ್ಡ ವಿಜ್ಞಾನವೇನೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಸುತ್ತಿಗೆ ಹಿಡಿದು ಬರುವ ಅಪರಿಚಿತನೂ ಬೋರ್ಡನ್ನು ನೋಡಿ ‘ಇದರ ನೇರದಲ್ಲಿ ವೈರಿದೆ, ಬೇಡ’ ಎಂದು ಊಹಿಸುವಂತಿರಬೇಕು, ಅಷ್ಟೆ. ಓರೆ ಪೈಪು ಹಾಕುವವನು ಆ ಅಪರಿಚಿತನಿಗೆ ಗುಂಡಿ ತೋಡಿ ಮೇಲೆ ಸೊಪ್ಪು ಮುಚ್ಚಿಟ್ಟು ಹೋಗುತ್ತಾನೆ.

ನಮ್ಮ ಮನೆಯಲ್ಲಿ ಗುಂಡಿಗೆ ಬಿದ್ದವರು ಅಪರಿಚಿತರಲ್ಲ.

ಸೆಪ್ಟೆಂಬರ್ ಮೊದಲಿಗೆ ಕೈಲ್ ಪೊಳ್ದ್ ಬಂತು. ನಾಟಿ ಮುಗಿಸಿದ ಗದ್ದೆಯವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಕೋವಿ ತೊಳೆದು, ಎಣ್ಣೆ ಒರೆಸಿ, ನಳಿಗೆಗೆ ಸಿಕ್ಕಿಸಲು ಬೇಲಿಯಿಂದ ತೋಕ್ ಪೂ, ಅಂದರೆ ಕೋವಿ ಹೂ, ಕಿತ್ತು ತಂದಾಗಿತ್ತು. ಪೂಜೆಯಾದ ಮೇಲೆ ಕೋವಿ ಮತ್ತೆ ಬೀರುವಿನೊಳಗೆ ಸೇರಬಾರದು, ಹೊಸ ಗೋಡೆಯ ನಟ್ಟನಡುವೆ ಅಜ್ಜನ ಫೋಟೋದ ಕೆಳಗೆ ತೂಗಬೇಕು ಎಂಬುದು ಮಾವನ ಆಸೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದಲೇ ವಿನಾಯಿತಿ ಇರುವಾಗ ಅದನ್ನು ತೂಗಲು ಒಂದು ಮೊಳೆಗೆ ಯಾರನ್ನು ಕೇಳಬೇಕು?

‘ಅಪ್ಪಾ, ಒಳಗೆ ವೈರಿದ್ದೀತು’ ಎಂದರು ನನ್ನವರು.

‘ವೈರು ಇರುವುದು ಸ್ವಿಚ್ಚಿನ ನೇರಕ್ಕೆ. ಇಲ್ಲಿ ಸ್ವಿಚ್ ಎಲ್ಲಿದೆ, ತೋರಿಸು’ ಎಂದರು ಮಾವ, ಡ್ರಿಲ್ ಎತ್ತಿಕೊಂಡು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಗೋಡೆಯ ವಿಷಯದಲ್ಲಿ ನಿಯಮಕ್ಕೆ ಸರಿಯಾಗಿ ಯೋಚಿಸಿದವರು ಅವರೊಬ್ಬರೇ.

ಡ್ರಿಲ್ಲಿನ ಮೊನೆ ಪುಟ್ಟಿ ದಾಟಿತು, ಗಾರೆ ದಾಟಿತು, ಒಂದು ಕ್ಷಣ ಮೆತ್ತಗೆ ಒಳಗಿಳಿಯಿತು. ಆ ಮೆತ್ತನೆಯದೇ ಪೈಪು. ‘ಠಪ್’ ಎಂದಿತು, ತೂತಿನಿಂದ ನೀಲಿ ಕಿಡಿ ಹಾರಿ, ಸುಟ್ಟ ಪ್ಲಾಸ್ಟಿಕ್ಕಿನ ನಾತ ಹರಡಿ, ಮನೆಯಿಡೀ ಕತ್ತಲಾಯಿತು. ಅಡುಗೆಮನೆಯಲ್ಲಿ ಪಂದಿ ಕರಿಯ ಮಸಾಲೆ ಅರ್ಧ ಅರೆದ ಮಿಕ್ಸಿ ನಿಂತಿತು. ಅತ್ತೆ ಕೈಯಲ್ಲಿ ಕಡಂಬುಟ್ಟಿನ ಹಿಟ್ಟಿನ ಉಂಡೆ ಹಿಡಿದೇ ಬಾಗಿಲಿಗೆ ಬಂದರು. ‘ಪೂಜೆಯೇ ಆಗಿಲ್ಲ, ಆಗಲೇ ಗುಂಡು ಹೊಡೆದದ್ದು ಯಾರು?’

ಮಾವನಿಗೆ ಏನೂ ಆಗಲಿಲ್ಲ. ಡ್ರಿಲ್ಲಿಗೆ ಪ್ಲಾಸ್ಟಿಕ್ಕಿನ ಮೈ ಇತ್ತು. ಅವರನ್ನು ಮಾತು ಬಿಡಿಸಿದ್ದ ಆರ್‌ಸಿಸಿಬಿಯೂ ತನ್ನ ಕೆಲಸ ಮಾಡಿತ್ತು. ಎಂಸಿಬಿ ಎಂಬ ಇನ್ನೊಂದು ಸ್ವಿಚ್ಚು ಕಾಯುವುದು ವೈರನ್ನು. 16 ಆಂಪಿಯರ್‌ನದಾದರೆ ಅಷ್ಟು ಕರೆಂಟು ಹರಿಯುವವರೆಗೂ ಅದು ಸುಮ್ಮನಿರುತ್ತದೆ. ಮನುಷ್ಯನನ್ನು ಮುಗಿಸಲು ಒಂದು ಆಂಪಿಯರ್‌ನ ಸಣ್ಣ ಪಾಲೂ ಸಾಕು. ಆರ್‌ಸಿಸಿಬಿ ಹೋದ ಕರೆಂಟಿನ ಮತ್ತು ಮರಳಿದ ಕರೆಂಟಿನ ಲೆಕ್ಕ ತಾಳೆ ನೋಡುತ್ತದೆ. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ನನಗೆ ಬೆವರಿದ್ದು ಆಮೇಲೆ ಯೋಚಿಸಿದಾಗ. ಡ್ರಿಲ್ಲಿನ ಬದಲು ಬರೀ ಮೊಳೆ ಹೊಡೆದಿದ್ದು, ಅದು ಫೇಸಿನ ವೈರನ್ನು ಮಾತ್ರ ಚುಚ್ಚಿ ನಿಂತಿದ್ದರೆ? ಒಣ ಗೋಡೆಯಲ್ಲಿ ಶಬ್ದವೂ ಇಲ್ಲ, ಕಿಡಿಯೂ ಇಲ್ಲ, ಯಾವ ಸ್ವಿಚ್ಚೂ ಬೀಳುವುದಿಲ್ಲ. ಆ ಮೊಳೆಗೆ ಕಬ್ಬಿಣದ ಕೋವಿ ತೂಗಿದರೆ, ಮುಂದಿನ ವರ್ಷ ಒರೆಸಲು ಕೈ ಹಾಕುವವರಿಗಾಗಿ ಅದು ಗುಂಡಿಲ್ಲದೆಯೂ ಲೋಡ್ ಆಗಿ ಕಾದಿರುತ್ತಿತ್ತು.

ವೈರು ಹೋದ ದಾರಿ ಯಾವುದೆಂದು ತಿಳಿಯಲು ಫೋಟೋಗಳನ್ನು ತೆರೆದೆವು. ಗಾರೆ ಹಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆಯ ಟೇಪ್ ಹಿಡಿದು ಫೋಟೋ ತೆಗೆದಿಡಿ ಎಂದು ನಾದಿನಿ ಬೆಂಗಳೂರಿನಿಂದ ಹೇಳಿದ್ದಳು, ನನ್ನವರು ತೆಗೆದೂ ಇದ್ದರು. ರಾಶಿ ಫೋಟೋ. ಆದರೆ ಕ್ಯಾಮರಾ ಕಂಡಲ್ಲಿ ಬಂದು ನಿಲ್ಲುವ ಅಭ್ಯಾಸ ನಮ್ಮ ಬಂಧುಬಳಗಕ್ಕಿದೆ. ಊಟದ ಮನೆಯ ಗೋಡೆಯ ಮುಂದೆ ದೊಡ್ಡಪ್ಪ, ಕೋಣೆಯ ಗೋಡೆಯ ಮುಂದೆ ಇಬ್ಬರು ಚಿಕ್ಕಮ್ಮಂದಿರು. ನಡುಮನೆಯ ಗೋಡೆಯ ಮುಂದೆ, ಸರಿಯಾಗಿ ಪೈಪನ್ನು ಮರೆಮಾಡಿ, ಎದೆಯ ಮೇಲೆ ಕೈಕಟ್ಟಿ ನಿಂತಿದ್ದವರು ಸ್ವತಃ ಮಾವ.

ವೈರಿಂಗಿನವನು ಹಬ್ಬ ಮುಗಿಸಿಕೊಂಡು ಬಂದ. ತೂತಿನೊಳಗೆ ಟಾರ್ಚು ಬಿಟ್ಟು ನೋಡಿ, ‘ಏನೂ ಇಲ್ಲ ಅಕ್ಕಾ, ಸ್ವಲ್ಪ ಬಿಡಿಸಿ, ಜಾಯಿಂಟ್ ಕೊಟ್ಟು ಟೇಪ್ ಸುತ್ತಿ ಮುಚ್ಚಿಬಿಡುತ್ತೇನೆ’ ಎಂದ. ಇಲ್ಲಿ ನಾನು ಬಗ್ಗಲಿಲ್ಲ. ವೈರಿನ ಜಾಯಿಂಟ್ ಇರಬೇಕಾದ್ದು ತೆರೆದು ನೋಡಬಹುದಾದ ಬಾಕ್ಸಿನಲ್ಲಿ, ಗಾರೆಯ ಹೊಟ್ಟೆಯಲ್ಲಲ್ಲ. ಅದರಲ್ಲೂ ಮಳೆಗಾಲವಿಡೀ ತೇವ ಹೀರುವ ನಮ್ಮ ಮಣ್ಣಿನ ಗೋಡೆಯಲ್ಲಂತೂ ಅಲ್ಲವೇ ಅಲ್ಲ. ಜುಲೈಯಲ್ಲಿ ಬಚ್ಚಲಿನ ತಾರಸಿಯ ಮೇಲೆ ಬಾಯಿ ತೆರೆದು ಬಿಟ್ಟ ಪೈಪಿನಿಂದ ನೀರಿಳಿದು ಸ್ವಿಚ್ ಬೋರ್ಡು ಕಣ್ಣೀರು ಹಾಕಿದ್ದು ನನಗಿನ್ನೂ ನೆನಪಿತ್ತು. ಕೊನೆಗೆ ಗೋಡೆ ಒಡೆದು, ಜಂಕ್ಷನ್ ಬಾಕ್ಸಿನಿಂದ ಸೂರಿನ ಅಂಚಿಗೆ ಅಡ್ಡಲಾಗಿ ಸಾಗಿ, ಪ್ಲಗ್ಗಿನ ನೆತ್ತಿಯ ಮೇಲೆ ನೆಟ್ಟಗೆ ಇಳಿಯುವ ಹೊಸ ಪೈಪು ಬಂತು. ಮೆಗ್ಗರ್ ಎಂಬ ಮೀಟರು ಹಿಡಿಸಿ ವೈರಿನ ಇನ್ಸುಲೇಷನ್ ನೋಡಿದ್ದೂ ಆಯಿತು. ಫೋಟೋ ತೆಗೆಯುವಾಗ ಅತ್ತೆ ಎಲ್ಲರನ್ನೂ ಅಂಗಳಕ್ಕೆ ಅಟ್ಟಿದರು.

ಬಿಲ್ಲು ಬಂದಾಗ ಮಾವ ಕನ್ನಡಕ ಏರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಹೆಚ್ಚುವರಿ ಪೈಪ್’ ಎಂದಿತ್ತು.

‘ಮೊದಲು ಓರೆ ಹಾಕಿ ಉಳಿಸಿದೆಯಲ್ಲ, ಆ ಪೈಪು ಎಲ್ಲಿ?’

ಅವನು ಬೇಲಿಯಾಚೆ ಹೋಂಸ್ಟೇ ಕಡೆಗೆ ನೋಡಿದ. ‘ಅಲ್ಲಿ ಹಾಕಿದೆ ಸಾವುಕಾರರೇ. ಅವರಿಗೂ ಎರಡು ಕಡೆ ಓರೆ ಬಂತು.’